‘ಆದ್ದರಿಂದ’ ಅನ್ನುವವರನ್ನು ತಡೆದು ಕೇಳಿ

ವಾದದ ದೌರ್ಬಲ್ಯ ಹುಡುಕುವ ವಿದ್ಯೆಯನ್ನು ಈಗ ಅಂಗಡಿಯಲ್ಲಿಟ್ಟು ಮಾರುತ್ತಿದ್ದಾರೆ. ಕೋಚಿಂಗ್ ಸೆಂಟರುಗಳಲ್ಲಿ ಅದಕ್ಕೊಂದು ದರ ಇದೆ. ದುಡ್ಡು ಕಟ್ಟಿದವನ ಮಗನಿಗೆ ಕಲಿಸುತ್ತಾರೆ. ಕಟ್ಟಲಾಗದ ಕೂಲಿಯವನ ಮಗಳಿಗೆ ಆ ಪ್ರಶ್ನೆ ಪರೀಕ್ಷೆಯ ದಿನವೇ ಮೊದಲ ಸಲ ಕಣ್ಣಿಗೆ ಬೀಳುತ್ತದೆ. ಆಮೇಲೆ ಇಬ್ಬರ ಅಂಕಗಳನ್ನೂ ಪಕ್ಕಪಕ್ಕ ಇಟ್ಟು, ‘ನೋಡಿ, ಇವರಿಗೆ ತರ್ಕಶಕ್ತಿ ಕಡಿಮೆ’ ಅಂತ ಘೋಷಿಸುತ್ತಾರೆ. ಈ ಮೋಸವನ್ನು ಬಯಲಿಗೆಳೆಯುವುದು ನಮ್ಮ ಮೊದಲ ಕೆಲಸ.

ಎರಡನೆಯ ಕೆಲಸ ಇನ್ನೂ ಕಷ್ಟದ್ದು. ನಮ್ಮ ಬಿಡಾರದಲ್ಲೇ ಕೆಲವು ಗೆಳೆಯರು, ‘ತರ್ಕ ಅವರದು, ಅನುಭವ ನಮ್ಮದು, ಈ ಪ್ರಶ್ನೆಗಳೆಲ್ಲ ಪುರೋಹಿತಶಾಹಿಯ ಹೊಸ ಮಂತ್ರ, ಇವನ್ನು ತಿರಸ್ಕರಿಸಿ’ ಎನ್ನುತ್ತಾರೆ. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಆ ಮಾತನ್ನು ನಾವು ಒಪ್ಪುವುದಿಲ್ಲ. ಬಾಗಿಲು ಅವರು ಕಟ್ಟಿಕೊಂಡಿರಬಹುದು, ಬಾಗಿಲ ಒಳಗಿರುವ ಆಯುಧ ನಮ್ಮದು. ಅದನ್ನು ಕಲಿಯದೆ ಬಿಟ್ಟರೆ ನಷ್ಟ ನಮಗೇ ಹೊರತು ಅವರಿಗಲ್ಲ.

ಯಾವ ಪ್ರಶ್ನೆಯ ಬಗ್ಗೆ ಹೇಳುತ್ತಿದ್ದೇವೆ? ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯುವ ಕ್ಲಾಟ್ ಪರೀಕ್ಷೆಯಲ್ಲಿ, ಬ್ಯಾಂಕ್ ಪರೀಕ್ಷೆಗಳಲ್ಲಿ, ಅಮೆರಿಕದ ಕಾನೂನು ಕಾಲೇಜುಗಳ ಎಲ್‌ಸ್ಯಾಟ್‌ನಲ್ಲಿ ಇದು ಮಾಮೂಲು. ಒಂದು ಪ್ಯಾರಾ ಕೊಡುತ್ತಾರೆ. ಅದರಲ್ಲಿ ಒಬ್ಬ ಏನೋ ಒಂದನ್ನು ವಾದಿಸಿರುತ್ತಾನೆ. ಕೆಳಗೆ ನಾಲ್ಕೋ ಐದೋ ಉತ್ತರ. ಈ ವಾದವನ್ನು ಎಲ್ಲಕ್ಕಿಂತ ಹೆಚ್ಚು ದುರ್ಬಲಗೊಳಿಸುವ ಮಾತು ಯಾವುದು, ಗುರುತಿಸಿ. ಅಷ್ಟೇ. ಇದಕ್ಕೆ ಬೀಜಗಣಿತ ಬೇಡ, ಸಂಸ್ಕೃತ ಬೇಡ, ಅಪ್ಪ ಓದಿರಬೇಕಾಗಿಲ್ಲ. ಒಂದೇ ಒಂದು ಬುದ್ಧಿ ಬೇಕು. ಅದನ್ನು ಮೊದಲು ಬಿಡಿಸಿ ಹೇಳುತ್ತೇವೆ.

1

ಯಾವ ವಾದವನ್ನಾದರೂ ತೆಗೆದುಕೊಳ್ಳಿ, ಅದರಲ್ಲಿ ಮೂರು ಭಾಗ ಇರುತ್ತವೆ. ಒಂದು, ಆಧಾರ. ಎರಡು, ತೀರ್ಮಾನ. ಮೂರು, ಆಧಾರದಿಂದ ತೀರ್ಮಾನಕ್ಕೆ ಹಾಕಿದ ಕೊಂಡಿ. ಮೊದಲೆರಡನ್ನು ವಾದ ಮಾಡುವವನು ಬಾಯಿಬಿಟ್ಟು ಹೇಳುತ್ತಾನೆ. ಮೂರನೆಯದನ್ನು ಹೇಳುವುದಿಲ್ಲ. ‘ಆದ್ದರಿಂದ’ ಎಂಬ ಒಂದು ಪದದ ಹೊಟ್ಟೆಯಲ್ಲಿ ಅದನ್ನು ಬಚ್ಚಿಟ್ಟು ಮುಂದೆ ಹೋಗುತ್ತಾನೆ. ವಾದದ ದೌರ್ಬಲ್ಯ ಇರುವುದು ಅಲ್ಲಿ.

ನಾವೇ ಮಾಡಿದ ಒಂದು ಪ್ರಶ್ನೆ ನೋಡಿ.

‘ಒಂದು ಊರಲ್ಲಿ ಸರ್ಕಾರಿ ಹಾಸ್ಟೆಲ್ ಶುರುವಾಯಿತು. ಅಲ್ಲಿನ ಹುಡುಗರು ಊರಿನ ಹೈಸ್ಕೂಲಿಗೆ ಸೇರಿದರು. ಆ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಇಳಿಯಿತು. ಆದ್ದರಿಂದ ಫಲಿತಾಂಶ ಇಳಿಯಲು ಹಾಸ್ಟೆಲ್ ಹುಡುಗರೇ ಕಾರಣ.’

ಈ ವಾದವನ್ನು ಹೆಚ್ಚು ದುರ್ಬಲಗೊಳಿಸುವುದು ಯಾವುದು?

ಅ) ಹಾಸ್ಟೆಲ್ ಹುಡುಗರೂ ಎಲ್ಲರಂತೆ ಮನುಷ್ಯರು, ಅವರನ್ನು ದೂರುವುದು ಅನ್ಯಾಯ.
ಆ) ಆ ಜಿಲ್ಲೆಯಲ್ಲಿ ಇನ್ನೂ ಹತ್ತಾರು ಹಾಸ್ಟೆಲ್‌ಗಳಿವೆ.
ಇ) ಆ ವರ್ಷವಿಡೀ ಶಾಲೆಯಲ್ಲಿ ಗಣಿತದ ಮೇಷ್ಟರ ಹುದ್ದೆ ಖಾಲಿ ಇತ್ತು, ಹಾಸ್ಟೆಲ್ಲಿನವರು, ಮನೆಯಿಂದ ಬರುವವರು ಇಬ್ಬರೂ ಹೆಚ್ಚಾಗಿ ನಪಾಸಾದದ್ದು ಗಣಿತದಲ್ಲೇ.
ಈ) ಹಾಸ್ಟೆಲ್ ಹುಡುಗರಲ್ಲಿ ಹಲವರು ಶಾಲೆ ಶುರುವಾಗಿ ಎರಡು ತಿಂಗಳ ಮೇಲೆ ಸೇರಿಕೊಂಡರು.

ನಮ್ಮ ಹುಡುಗರ ಕೈ ಸೀದಾ ‘ಅ’ಗೆ ಹೋಗುತ್ತದೆ. ಹೋಗಲೇಬೇಕು, ಅವಮಾನ ಉಂಡವರ ಕೈ ಅದು. ‘ಅ’ ಹೇಳುವ ಮಾತು ನಿಜ ಕೂಡ. ಆದರೆ ಅದು ವಾದವನ್ನು ಮುಟ್ಟುವುದೇ ಇಲ್ಲ. ಎದುರಿನವನು ‘ಮನುಷ್ಯರೇ ಇರಬಹುದು ಸ್ವಾಮಿ, ಫಲಿತಾಂಶ ಇಳಿದದ್ದಂತೂ ಅವರಿಂದಲೇ’ ಅಂದುಬಿಡುತ್ತಾನೆ. ‘ಆ’ ಇಲ್ಲಿಗೆ ಸಂಬಂಧವೇ ಇಲ್ಲದ ಮಾತು. ‘ಈ’ ಎದುರಿನವನ ಕೈಗೇ ಕಲ್ಲು ಕೊಡುತ್ತದೆ. ‘ಇ’ ಮಾತ್ರ ಕೊಂಡಿಯನ್ನು ಹಿಡಿದು ಅಲ್ಲಾಡಿಸುತ್ತದೆ. ಎರಡು ಸಂಗತಿ ಒಂದೇ ವರ್ಷ ನಡೆದವು ಎಂದಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ, ನೀನು ಬೇರೆ ಕಾರಣವನ್ನು ನೋಡೇ ಇಲ್ಲ ಎಂದು ಅದು ತೋರಿಸುತ್ತದೆ.

ಇಲ್ಲಿಂದ ಮೂರು ನಿಯಮ ಕಲಿಯಬೇಕು. ಮೊದಲನೆಯದು: ಪರೀಕ್ಷೆಯಲ್ಲಿ ಆಧಾರವನ್ನು ಒಪ್ಪಿಕೊಂಡೇ ಹೊಡೆಯಬೇಕು. ‘ಫಲಿತಾಂಶ ಇಳಿದೇ ಇಲ್ಲ’ ಅನ್ನುವಂತಿಲ್ಲ. ಎರಡನೆಯದು: ತೀರ್ಮಾನದ ಮೇಲೆ ಸಿಟ್ಟಾದರೆ ಸಾಲದು, ಕೊಂಡಿಗೆ ಕೈ ಹಾಕಬೇಕು. ಮೂರನೆಯದು: ದುರ್ಬಲಗೊಳಿಸುವುದು ಎಂದರೆ ಪುಡಿಪುಡಿ ಮಾಡುವುದಲ್ಲ. ವಾದ ಮೊದಲಿಗಿಂತ ಸಡಿಲವಾದರೆ ಸಾಕು. ಹೊರೆ ಮತ್ತೆ ಅವನ ತಲೆಯ ಮೇಲೆ ಹೋಗಿ ಕೂರುತ್ತದೆ.

ಕೊಂಡಿ ಬಿರುಕು ಬಿಡುವ ಜಾಗಗಳು ಬಹಳ ಇಲ್ಲ. ಜೊತೆಗೆ ನಡೆದದ್ದನ್ನು ಕಾರಣ ಎನ್ನುವುದು ಒಂದು. ಕೆಲವರನ್ನು ನೋಡಿ ಎಲ್ಲರ ಮೇಲೆ ತೀರ್ಪು ಕೊಡುವುದು ಇನ್ನೊಂದು. ನಡುವೆ ಹತ್ತು ದಾರಿಗಳಿದ್ದರೂ ಇದು ಇಲ್ಲವೇ ಅದು ಎಂದು ಎರಡೇ ದಾರಿ ತೋರಿಸುವುದು ಮತ್ತೊಂದು. ಆಧಾರದಲ್ಲಿ ಒಂದು ಅರ್ಥದಲ್ಲಿ ಬಳಸಿದ ಪದವನ್ನು ತೀರ್ಮಾನದಲ್ಲಿ ಇನ್ನೊಂದು ಅರ್ಥಕ್ಕೆ ಜಾರಿಸುವುದು, ಹೋಲಿಕೆ ಇಲ್ಲದ ಕಡೆ ಹೋಲಿಕೆ ಕಟ್ಟುವುದು, ಸಾಬೀತು ಮಾಡಬೇಕಾದ್ದನ್ನೇ ಆಧಾರ ಎಂದು ಇಡುವುದು. ಇಷ್ಟನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡವನು ಬಹುಪಾಲು ಪ್ರಶ್ನೆ ಬಿಡಿಸುತ್ತಾನೆ. ಇದರಲ್ಲಿ ಗುಟ್ಟೇನೂ ಇಲ್ಲ. ಜಮೀನ್ದಾರನ ಲೆಕ್ಕದ ಪುಸ್ತಕವನ್ನು ಅನುಮಾನದಿಂದ ನೋಡಿ ಬೆಳೆದ ಮನೆಯ ಮಕ್ಕಳಿಗೆ ಇದು ಹೊಸತೂ ಅಲ್ಲ.

2

ಈಗ ‘ತರ್ಕ ಅವರದು’ ಎನ್ನುವ ಗೆಳೆಯರಿಗೆ ನಮ್ಮ ಉತ್ತರ.

ಪಾಲಿಯ ಮಜ್ಝಿಮ ನಿಕಾಯದಲ್ಲಿ ಅಸ್ಸಲಾಯನ ಸುತ್ತ ಎಂಬುದೊಂದಿದೆ. ವೇದ ಓದಿ ಮುಗಿಸಿದ ಹದಿನಾರು ವರ್ಷದ ಅಸ್ಸಲಾಯನ ಎಂಬ ಬ್ರಾಹ್ಮಣ ಹುಡುಗನನ್ನು ಹಿರಿಯರು ಬುದ್ಧನ ಎದುರು ವಾದಕ್ಕೆ ಕಳಿಸುತ್ತಾರೆ. ಹುಡುಗನ ವಾದ ಇಷ್ಟು: ಬ್ರಾಹ್ಮಣರೇ ಶ್ರೇಷ್ಠ ವರ್ಣ, ಅವರು ಬ್ರಹ್ಮನ ಬಾಯಿಂದ ಹುಟ್ಟಿದವರು. ಬುದ್ಧ ಇದಕ್ಕೆ ಬೈಯಲಿಲ್ಲ. ಪ್ರಶ್ನೆ ಕೇಳಿದ. ಬ್ರಾಹ್ಮಣರ ಹೆಂಗಸರೂ ಮುಟ್ಟಾಗುತ್ತಾರೆ, ಬಸುರಾಗುತ್ತಾರೆ, ಹೆರುತ್ತಾರೆ, ಹಾಲೂಡಿಸುತ್ತಾರೆ. ಹಾಗಿದ್ದ ಮೇಲೆ ಬಾಯಿಂದ ಹುಟ್ಟಿದ್ದು ಹೇಗೆ? ಯೋನ, ಕಾಂಬೋಜ ನಾಡುಗಳಲ್ಲಿ ಒಡೆಯ, ಆಳು ಎಂಬ ಎರಡೇ ವರ್ಗಗಳಿವೆ, ಅಲ್ಲಿ ಒಡೆಯ ಆಳಾಗಬಹುದು, ಆಳು ಒಡೆಯನಾಗಬಹುದು. ಹಾಗಿದ್ದ ಮೇಲೆ ನಾಲ್ಕು ವರ್ಣ ಲೋಕದ ನಿಯಮ ಹೇಗಾಯಿತು? ಒಳ್ಳೆ ಮರದಿಂದ ಹೊತ್ತಿಸಿದ ಬೆಂಕಿಗೂ ನಾಯಿಯ ಬಾನಿಯ ಮರದಿಂದ ಹೊತ್ತಿಸಿದ ಬೆಂಕಿಗೂ ಉರಿಯಲ್ಲಿ, ಬೆಳಕಲ್ಲಿ ವ್ಯತ್ಯಾಸ ಇದೆಯೇ? ಹುಡುಗ ತಲೆ ತಗ್ಗಿಸಿ ಕೂರುತ್ತಾನೆ.

ಇದೇನು ಗೆಳೆಯರೇ? ಎಲ್ಲೆಡೆಗೂ ಅನ್ವಯ ಎಂದ ಮಾತಿಗೆ ಅನ್ವಯವಾಗದ ಒಂದು ನಾಡನ್ನು ತೋರಿಸುವುದು. ಹುಟ್ಟು ಬೇರೆಯಾದರೆ ಗುಣ ಬೇರೆ ಎಂಬ ಬಚ್ಚಿಟ್ಟ ನಂಬಿಕೆಯನ್ನು ಬೆಂಕಿಯ ಬೆಳಕಿಗೆ ತರುವುದು. ಇವತ್ತಿನ ಪರೀಕ್ಷೆ ಕೇಳುವುದು ಇದನ್ನೇ. ಮುಂದೆ ದಿಙ್ನಾಗ, ಧರ್ಮಕೀರ್ತಿ ಎಂಬ ಬೌದ್ಧರು ಈ ನಾಡಿನ ತರ್ಕಶಾಸ್ತ್ರವನ್ನೇ ಬೇರೆ ದಾರಿಗೆ ತಿರುಗಿಸಿದರು. ಧರ್ಮಕೀರ್ತಿಯಂತೂ ಬುದ್ಧಿ ಮಂಕಾದವರ ಐದು ಗುರುತುಗಳನ್ನು ಎಣಿಸುವಾಗ ಜಾತಿಯ ಜಂಬವನ್ನೂ ಅದರಲ್ಲಿ ಸೇರಿಸಿದ. ತರ್ಕ ಅವರದು ಅಂತ ಬರೆದುಕೊಟ್ಟವರು ಯಾರು? ನಾವಂತೂ ಬರೆದುಕೊಟ್ಟಿಲ್ಲ.

ಬಾಬಾಸಾಹೇಬರನ್ನೇ ನೋಡಿ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ 1936ರ ತನ್ನ ಸಮ್ಮೇಳನದ ಅಧ್ಯಕ್ಷ ಭಾಷಣಕ್ಕೆ ಅವರನ್ನು ಕರೆಯಿತು. ಭಾಷಣದ ಪ್ರತಿ ನೋಡಿ ಹೆದರಿತು. ಕೆಲವು ಮಾತು ತೆಗೆಯಿರಿ ಎಂದಿತು. ಅವರು ಒಂದಕ್ಷರವನ್ನೂ ತೆಗೆಯಲು ಒಪ್ಪಲಿಲ್ಲ. ಸಮ್ಮೇಳನ ರದ್ದಾಯಿತು. ಅವರು ತಮ್ಮ ಖರ್ಚಿನಲ್ಲೇ ಅದನ್ನು ಅಚ್ಚು ಹಾಕಿಸಿದರು. ಅದೇ ‘ಜಾತಿ ವಿನಾಶ’. ಅಲ್ಲಿ ಅವರು ಎದುರಿಸುವ ಒಂದು ವಾದ ಇದು: ಪ್ರತಿ ನಾಗರಿಕ ಸಮಾಜಕ್ಕೂ ಶ್ರಮವಿಭಜನೆ ಬೇಕು, ಜಾತಿ ಎಂಬುದು ಶ್ರಮವಿಭಜನೆ, ಆದ್ದರಿಂದ ಜಾತಿ ಬೇಕು. ಅಂಬೇಡ್ಕರ್ ಮೊದಲ ಆಧಾರವನ್ನು ಅಲ್ಲಗಳೆಯುವುದಿಲ್ಲ. ಶ್ರಮವಿಭಜನೆ ಬೇಕು, ಸರಿ. ಆದರೆ ಜಾತಿ ಕೆಲಸವನ್ನು ಮಾತ್ರ ಹಂಚುವುದಿಲ್ಲ. ಕೆಲಸಗಾರರನ್ನೇ ಒಬ್ಬರ ಮೇಲೊಬ್ಬರಂತೆ ಮೆಟ್ಟಿಲು ಮಾಡಿ ಕೂರಿಸುತ್ತದೆ. ಮನುಷ್ಯ ತನ್ನ ಶಕ್ತಿ ನೋಡಿ ಕೆಲಸ ಆರಿಸುವುದಿಲ್ಲ, ಹುಟ್ಟು ಅವನಿಗೆ ಕೆಲಸ ಹೇರುತ್ತದೆ. ನೀವು ಶ್ರಮವಿಭಜನೆ ಎಂಬ ಒಂದು ಪದದಡಿ ಎರಡು ಬೇರೆ ಬೇರೆ ವಸ್ತು ಮಾರುತ್ತಿದ್ದೀರಿ ಎಂದು ಅವರು ಹಿಡಿದುಹಾಕುತ್ತಾರೆ. ಇದಕ್ಕಿಂತ ದೊಡ್ಡ ತರ್ಕಪಾಠ ಯಾವ ಕೋಚಿಂಗ್ ಸೆಂಟರಿನಲ್ಲಿ ಸಿಗುತ್ತದೆ?

3

ಈ ವಿದ್ಯೆಯನ್ನು ನಾವು ಕಲಿಯಬೇಕಾದದ್ದು ಬರೀ ಸೀಟಿಗಾಗಿ ಅಲ್ಲ. ನಮ್ಮ ಮೇಲೆ ಬೀಳುವ ಏಟುಗಳೂ ವಾದದ ವೇಷ ಹಾಕಿಕೊಂಡೇ ಬರುತ್ತವೆ.

1973ನ್ನು ನೆನೆಯಿರಿ. ಆಗ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಇದೆ ಎಂಬರ್ಥದ ಮಾತಾಡಿದರು. ನಾಡು ಹೊತ್ತಿ ಉರಿಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಕೈ ಮಾಡಿದರು. ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಅವತ್ತಿನ ವಾದ ಏನು? ‘ಇವರು ಕನ್ನಡ ಸಾಹಿತ್ಯವನ್ನು ತೆಗಳಿದರು, ಆದ್ದರಿಂದ ಇವರು ಕನ್ನಡದ ವೈರಿ.’ ಎಲ್ಲಿದೆ ಕೊಂಡಿ? ಬರೆದ ಪುಸ್ತಕ ಒಂದು, ಆಡುವ ನುಡಿ ಇನ್ನೊಂದು. ಊಟದಲ್ಲಿ ಕಲ್ಲಿದೆ ಎಂದವನು ಅನ್ನದ ವೈರಿಯೇ? ಆ ಸಾಹಿತ್ಯದಲ್ಲಿ ನಮ್ಮ ಕೇರಿ ಎಷ್ಟಿದೆ, ನಮ್ಮ ಹಸಿವು ಎಷ್ಟಿದೆ ಎಂಬ ಪ್ರಶ್ನೆಯನ್ನು ಮುಚ್ಚಲು ‘ಕನ್ನಡ’ ಎಂಬ ಪದವನ್ನು ಆಧಾರದಿಂದ ತೀರ್ಮಾನಕ್ಕೆ ಜಾರಿಸಿದರು. ದಲಿತ ಸಾಹಿತ್ಯ, ಬಂಡಾಯ ಸಾಹಿತ್ಯ ಎದ್ದು ನಿಂತದ್ದು ಆ ಜಾರುವಿಕೆಯನ್ನು ಬರೆದು ತೋರಿಸಿಯೇ.

ಇನ್ನು ಮೆರಿಟ್ ವಾದ. ಇದಕ್ಕೆ ನೂರು ವರ್ಷ ದಾಟಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡುವ ಬಗ್ಗೆ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದಾಗ ದಿವಾನ್ ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ. ಆಡಳಿತದ ದಕ್ಷತೆ ಕೆಡುತ್ತದೆ ಎಂಬುದು ಅವರ ಕಾರಣ. ಅವರು ದಿವಾನಗಿರಿ ಬಿಟ್ಟರು. ಅವತ್ತಿನಿಂದ ಇವತ್ತಿನವರೆಗೆ ವಾದದ ಮೂಳೆ ಒಂದೇ: ಪ್ರವೇಶ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದವರು ಮೀಸಲಾತಿಯಿಂದ ಬರುತ್ತಾರೆ, ಆದ್ದರಿಂದ ಕೆಲಸ ಕೆಡುತ್ತದೆ. ಬಚ್ಚಿಟ್ಟ ನಂಬಿಕೆ ಕಾಣಿಸಿತೇ? ಪರೀಕ್ಷೆಯ ಅಂಕವೂ ಹತ್ತು ವರ್ಷದ ಮೇಲಿನ ಕೆಲಸವೂ ಒಂದೇ ಅಳತೆ ಎಂಬುದು. ಇದನ್ನು ಯಾರೂ ಸಾಬೀತು ಮಾಡಿ ತೋರಿಸುವುದಿಲ್ಲ.

ಸಾಬೀತು ಹುಡುಕಲು ಹೋದವರು ಕಂಡದ್ದೇನು? ಅಶ್ವಿನಿ ದೇಶಪಾಂಡೆ ಮತ್ತು ಥಾಮಸ್ ವೈಸ್‌ಕಾಫ್ ಎಂಬ ಅರ್ಥಶಾಸ್ತ್ರಜ್ಞರು ಭಾರತೀಯ ರೈಲ್ವೆಯ 1980ರಿಂದ 2002ರವರೆಗಿನ ಲೆಕ್ಕಗಳನ್ನು ತೆಗೆದು ನೋಡಿ 2014ರಲ್ಲಿ ಪ್ರಕಟಿಸಿದರು. ಪರಿಶಿಷ್ಟ ಜಾತಿ, ಪಂಗಡಗಳ ನೌಕರರ ಪ್ರಮಾಣ ಹೆಚ್ಚಿದ್ದಕ್ಕೆ ಉತ್ಪಾದಕತೆ ಕುಸಿಯಿತು ಎನ್ನಲು ಅವರಿಗೆ ಯಾವ ಆಧಾರವೂ ಸಿಗಲಿಲ್ಲ. ಮೇಲಿನ ದರ್ಜೆಯ ಹುದ್ದೆಗಳಲ್ಲಿ ಒಳ್ಳೆಯ ಪರಿಣಾಮದ ಸೂಚನೆಯೂ ಕೆಲವು ಕಡೆ ಕಂಡಿತು. ಒಂದು ಅಧ್ಯಯನ ಎಲ್ಲವನ್ನೂ ಮುಗಿಸಿಬಿಡುತ್ತದೆ ಎಂದು ನಾವು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ದುರ್ಬಲಗೊಳಿಸಿದರೆ ಸಾಕು ಎಂಬುದೇ ನಿಯಮ. ಹೊರೆ ಈಗ ಅವರ ತಲೆ ಮೇಲಿದೆ, ಹೊತ್ತು ತೋರಿಸಲಿ.

ಎಲ್ಲಕ್ಕಿಂತ ಕ್ರೂರವಾದ ವಾದ ಮೂರನೆಯದು. ದೌರ್ಜನ್ಯ ತಡೆ ಕಾಯ್ದೆಯಡಿ ಹಾಕಿದ ಕೇಸುಗಳಲ್ಲಿ ಹೆಚ್ಚಿನವು ಖುಲಾಸೆಯಾಗುತ್ತವೆ, ಆದ್ದರಿಂದ ಹೆಚ್ಚಿನವು ಸುಳ್ಳು ಕೇಸುಗಳು. ಇದನ್ನು ಚಹಾದಂಗಡಿಯಲ್ಲಿ ಕೇಳಿದ್ದೇವೆ. 2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟಿನ ತೀರ್ಪಿನಲ್ಲೂ ಕಂಡೆವು. ಸುಭಾಷ್ ಕಾಶಿನಾಥ್ ಮಹಾಜನ್ ಪ್ರಕರಣದಲ್ಲಿ ಕೋರ್ಟು ಇಂಥ ಅಂಕಿಅಂಶಗಳನ್ನೂ ಮುಂದಿಟ್ಟುಕೊಂಡು ಕಾಯ್ದೆಯ ದುರುಪಯೋಗ ಆಗುತ್ತಿದೆ ಎಂದು ಹೇಳಿ, ಬಂಧನಕ್ಕೆ ಮುಂಚೆ ಅನುಮತಿ ಬೇಕು, ಕೇಸಿಗೆ ಮುಂಚೆ ಪ್ರಾಥಮಿಕ ವಿಚಾರಣೆ ಮಾಡಬಹುದು ಎಂದು ಹಲ್ಲು ಕಿತ್ತಿತು.

ಖುಲಾಸೆ ಆದದ್ದೆಲ್ಲ ಸುಳ್ಳು ಕೇಸೇ? ಕಂಬಾಲಪಲ್ಲಿಗೆ ಹೋಗಿ ಕೇಳಿ. ಚಿಂತಾಮಣಿ ತಾಲೂಕಿನ ಆ ಊರಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಮನೆಯೊಳಗೇ ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಂಕಿಅಂಶದ ಪಟ್ಟಿಯಲ್ಲಿ ಕಂಬಾಲಪಲ್ಲಿಯೂ ಒಂದು ‘ಖುಲಾಸೆ’. ಹಾಗಾದರೆ ಆ ಏಳು ಹೆಣ ಸುಳ್ಳೇ? ಸಾಕ್ಷಿ ಹೇಳಿದವನು ಅದೇ ಊರಲ್ಲಿ, ಅದೇ ಗೌಡನ ಹೊಲದಲ್ಲಿ ಕೂಲಿ ಮಾಡಿ ಬದುಕಬೇಕು. ತನಿಖೆ ಮಾಡುವವನು ಮನಸ್ಸಿಲ್ಲದೆ ಮಾಡುತ್ತಾನೆ. ವಿಚಾರಣೆ ವರ್ಷಗಟ್ಟಲೆ ನಡೆಯುತ್ತದೆ. ಖುಲಾಸೆಗೆ ಇಷ್ಟೆಲ್ಲ ಕಾರಣಗಳಿರುವಾಗ ಸುಳ್ಳು ಎಂಬ ಒಂದನ್ನೇ ಹೆಕ್ಕಿಕೊಂಡದ್ದು ಯಾಕೆ?

2018ರ ಏಪ್ರಿಲ್ 2ರಂದು ದೇಶದ ದಲಿತರು ಬೀದಿಗೆ ಬಂದು ಕೇಳಿದ್ದು ಇದನ್ನೇ. ಆ ವರ್ಷವೇ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. 2019ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟೇ ಆ ನಿರ್ದೇಶನಗಳನ್ನು ಹಿಂದಕ್ಕೆ ಪಡೆಯಿತು. ಕೇಸು ಬೀಳುವುದಕ್ಕೆ ಕೆಟ್ಟ ತನಿಖೆಯಂಥ ಕಾರಣಗಳೂ ಇರುತ್ತವೆ ಎಂದು ಒಪ್ಪಿತು. ಬೀದಿ ಮತ್ತು ತರ್ಕ ಎರಡೂ ಒಂದೇ ಮಾತು ಹೇಳಿದ ದಿನ ಅದು. ಬೀದಿ ಇಲ್ಲದಿದ್ದರೆ ಆ ಮಾತನ್ನು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ತರ್ಕ ಇಲ್ಲದಿದ್ದರೆ ಕೇಳಿಸಿಕೊಂಡ ಮೇಲೂ ಬರೆದುಕೊಳ್ಳಲು ಏನೂ ಇರುತ್ತಿರಲಿಲ್ಲ.

4

ಈಗ ಇದೇ ಕತ್ತಿಯನ್ನು ಪರೀಕ್ಷೆಯ ಕಡೆಗೇ ತಿರುಗಿಸೋಣ. ಪರೀಕ್ಷೆ ತನ್ನ ಬಗ್ಗೆ ಮಾಡುವ ವಾದ ಇದು: ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಗಂಟೆ, ಒಂದೇ ಲೆಕ್ಕ; ಆದ್ದರಿಂದ ಹೆಚ್ಚು ಅಂಕ ಪಡೆದವನಿಗೆ ಹೆಚ್ಚು ತರ್ಕಬುದ್ಧಿ.

ಕ್ಲಾಟ್ 2008ರಲ್ಲಿ ಶುರುವಾಯಿತು. 2020ರಿಂದ ಅದು ಪೂರ್ತಿ ಉದ್ದುದ್ದ ಪ್ಯಾರಾಗಳ ಪರೀಕ್ಷೆ. ಒಂದೊಂದು ಪ್ಯಾರಾ 450 ಪದಗಳವರೆಗೆ ಇರುತ್ತದೆ. ಎರಡು ಗಂಟೆಯಲ್ಲಿ 120 ಪ್ರಶ್ನೆ. ತಪ್ಪಿಗೆ ಕಾಲು ಅಂಕ ಕಡಿತ. ಎಲ್ಲವೂ ಇಂಗ್ಲಿಷಿನಲ್ಲಿ. ಅರ್ಜಿ ಹಾಕಲು ಸಾಮಾನ್ಯ ವರ್ಗದವರಿಗೆ 4000 ರೂಪಾಯಿ, ಪರಿಶಿಷ್ಟರಿಗೂ 3500 ರೂಪಾಯಿ. ಈ ಪರೀಕ್ಷೆಯಿಂದ ಸೀಟು ಕೊಡುವ ಮೊದಲ ಕಾನೂನು ವಿಶ್ವವಿದ್ಯಾಲಯ ಇರುವುದು ಬೆಂಗಳೂರಿನ ನಾಗರಬಾವಿಯಲ್ಲಿ. ಆದರೆ ಕನ್ನಡ ಶಾಲೆಯಲ್ಲಿ ಹನ್ನೆರಡು ವರ್ಷ ಓದಿದ ಹುಡುಗಿ ಒಂದೇ ಪ್ರಶ್ನೆಗೆ ಎರಡು ಪರೀಕ್ಷೆ ಬರೆಯಬೇಕು. ಮೊದಲು ಇಂಗ್ಲಿಷಿನದು, ಆಮೇಲೆ ತರ್ಕದ್ದು. ಇಂಗ್ಲಿಷ್ ಕಾನ್ವೆಂಟಿನ ಹುಡುಗ ಒಂದನ್ನೇ ಬರೆಯುತ್ತಾನೆ. ಇಬ್ಬರ ಗಡಿಯಾರವೂ ಎರಡು ಗಂಟೆಯೇ ತೋರಿಸುತ್ತದೆ. ಅವಳು ಸೋತರೆ ಯಾವುದರಲ್ಲಿ ಸೋತಳು? ತರ್ಕದಲ್ಲೇ ಎನ್ನಲು ನಿಮ್ಮ ಬಳಿ ಏನು ಆಧಾರ ಇದೆ? ಎರಡು ಕಾರಣ ಇರುವಾಗ ಒಂದನ್ನೇ ಹೆಸರಿಸುವವನು ತನ್ನದೇ ಪರೀಕ್ಷೆಯಲ್ಲಿ ನಪಾಸಾಗುತ್ತಾನೆ.

ಯುಪಿಎಸ್‌ಸಿ ಕತೆಯೂ ಇದೇ. 2011ರಲ್ಲಿ ಸಿಸ್ಯಾಟ್ ಎಂಬ ಪತ್ರಿಕೆ ತಂದರು. ಪ್ರಶ್ನೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. 2014ರಲ್ಲಿ ದೆಹಲಿಯಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. 2015ರಿಂದ ಅದರಲ್ಲಿ ಶೇ. 33 ಅಂಕ ಬಂದರೆ ಸಾಕು, ಅದು ರ‍್ಯಾಂಕಿಗೆ ಲೆಕ್ಕವಿಲ್ಲ ಎಂದು ಮಾಡಿದರು. ಗಲಾಟೆಯಲ್ಲಿ ಹಿಂದಿಯವರ ಕಷ್ಟ ಕೇಳಿಸಿತು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದಾದ ನಮ್ಮ ಹುಡುಗ ಅದಕ್ಕೆ ಮುಂಚಿನ ಬಾಗಿಲನ್ನು ಇಂಗ್ಲಿಷ್, ಹಿಂದಿಯಲ್ಲೇ ದಾಟಬೇಕು ಎಂಬುದು ಕೇಳಿಸಲಿಲ್ಲ.

ಕನ್ನಡದಲ್ಲಿ ಕೊಟ್ಟರೆ ಸಾಕೇ? ಸಾಲದು, ಸರಿಯಾದ ಕನ್ನಡದಲ್ಲಿ ಕೊಡಬೇಕು. 2024ರ ಆಗಸ್ಟ್ 27ರ ಕೆಪಿಎಸ್‌ಸಿ ಗೆಜೆಟೆಡ್ ಪ್ರೊಬೇಷನರ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಹದಗೆಟ್ಟಿತೆಂದು ಮರುಪರೀಕ್ಷೆ ಮಾಡಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ತಪ್ಪುಗಳು ಬಂದವು. ತರ್ಕದ ಪ್ರಶ್ನೆಯಲ್ಲಿ ‘ಮಾತ್ರ’, ‘ಎಲ್ಲ’, ‘ಕೆಲವು’, ‘ಹೊರತು’ ಎಂಬ ಪುಟ್ಟ ಪದಗಳೇ ಜೀವ. ಒಂದು ತಪ್ಪಿದರೆ ಸರಿ ಉತ್ತರ ತಪ್ಪಾಗುತ್ತದೆ. ಯಂತ್ರ ಹಾಕಿದ ಅನುವಾದ ಓದಿ ತಲೆ ಕೆರೆದುಕೊಂಡ ಹುಡುಗನಿಗೆ ಬುದ್ಧಿ ಇಲ್ಲ ಎನ್ನಬೇಕೋ, ಬರೆಸಿದವರಿಗೆ ಇಲ್ಲ ಎನ್ನಬೇಕೋ?

‘ತರ್ಕವನ್ನು ಪ್ರಾದೇಶಿಕ ಭಾಷೆಯಲ್ಲಿ ಕೇಳಲು ಆಗುವುದಿಲ್ಲ’ ಎನ್ನುವವರಿದ್ದಾರೆ. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಗಳನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು ಕೇಂದ್ರ ಹಣಕಾಸು ಸಚಿವಾಲಯ 2021ರಲ್ಲೇ ಹೇಳಿತು. ಅಲ್ಲೂ ತರ್ಕದ ಪ್ರಶ್ನೆಗಳಿವೆ. ಗುಮಾಸ್ತನಿಗೆ ಕನ್ನಡದಲ್ಲಿ ತರ್ಕ ಆಗುತ್ತದೆ, ವಕೀಲನಿಗೆ ಆಗುವುದಿಲ್ಲ ಅಂದರೆ ಅದು ಯಾವ ತರ್ಕ? ಕೆಳಗಿನ ಕುರ್ಚಿಗೆ ಕನ್ನಡ, ಮೇಲಿನ ಕುರ್ಚಿಗೆ ಇಂಗ್ಲಿಷ್ ಎಂಬ ವರ್ಣಧರ್ಮ ಇದು.

2022ರ ಜನವರಿಯಲ್ಲಿ ವೈದ್ಯಕೀಯ ಸೀಟುಗಳಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿಯನ್ನು ಎತ್ತಿಹಿಡಿದ ನೀಲ್ ಔರೇಲಿಯೊ ನೂನ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕೂಡ ಮೆರಿಟ್ ಎಂಬುದನ್ನು ಮುಕ್ತ ಸ್ಪರ್ಧಾ ಪರೀಕ್ಷೆಯ ಅಂಕಕ್ಕೆ ಇಳಿಸಲಾಗದು ಎಂದಿತು. ಮನೆ, ಶಾಲೆ, ದುಡ್ಡು, ಕೋಚಿಂಗ್ ಎಲ್ಲವೂ ಆ ಅಂಕದೊಳಗೆ ಕೂತಿರುತ್ತವೆ. ನಮ್ಮವರು ಕೇರಿಗಳಲ್ಲಿ ನಿಂತು ಹೇಳುತ್ತಾ ಬಂದದ್ದನ್ನು ಕೋರ್ಟು ಕಾನೂನಿನ ಭಾಷೆಯಲ್ಲಿ ಬರೆಯಿತು.

5

ಕೊನೆಗೆ ನಮ್ಮ ಕಾರ್ಯಕರ್ತರಿಗೆ ಎರಡು ಮಾತು.

ಈ ಕತ್ತಿಗೆ ಎರಡೂ ಕಡೆ ಮೊನೆ ಇದೆ. ‘ಇದನ್ನು ಹೇಳಿದವನು ಮೇಲ್ಜಾತಿಯವನು, ಆದ್ದರಿಂದ ಇದು ಸುಳ್ಳು’ ಎಂಬ ಮಾತು ನಮ್ಮ ವೇದಿಕೆಗಳಿಂದ ಕೇಳಿಬಂದರೆ ಅದನ್ನೂ ತಡೆದು ಕೇಳಬೇಕು. ಮಾತಿನ ನಿಜವನ್ನು ಆಡಿದವನ ಹುಟ್ಟು ತೀರ್ಮಾನಿಸುತ್ತದೆ ಎಂಬುದು ಅಸ್ಸಲಾಯನನ ವಾದ, ಬುದ್ಧನದಲ್ಲ. ಯಾರ ಹಿತಕ್ಕೆ ಹೇಳಿದ ಎಂದು ಅನುಮಾನಿಸಿ, ತಪ್ಪಿಲ್ಲ. ಅನುಮಾನ ಹುಡುಕಲು ದಾರಿ ತೋರಿಸುತ್ತದೆ, ಹುಡುಕಿದಂತೆ ಆಗುವುದಿಲ್ಲ.

ಕೊಂಡಿ ತುಂಬಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ್ದೇ ಉದಾಹರಣೆ ಇದೆ. ಮೀಸಲಾತಿಯಲ್ಲಿ ಬಡ್ತಿ ಪಡೆದವರಿಗೆ ಜ್ಯೇಷ್ಠತೆ ಕೊಡುವ 2002ರ ಕಾಯ್ದೆಯನ್ನು ಬಿ.ಕೆ. ಪವಿತ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಹೊಡೆದುಹಾಕಿತು. ಪ್ರಾತಿನಿಧ್ಯ ಕಡಿಮೆ ಇದೆ ಎಂಬುದಕ್ಕೆ, ದಕ್ಷತೆ ಕೆಡುವುದಿಲ್ಲ ಎಂಬುದಕ್ಕೆ ಸರ್ಕಾರ ಲೆಕ್ಕ ಇಟ್ಟಿಲ್ಲ ಎಂದಿತು. ಆಗ ರತ್ನಪ್ರಭಾ ಸಮಿತಿ ಇಲಾಖೆಗಳ ಲೆಕ್ಕ ತೆಗೆಯಿತು. 2018ರಲ್ಲಿ ಹೊಸ ಕಾಯ್ದೆ ಬಂತು. 2019ರ ಮೇ 10ರಂದು ಅದೇ ಕೋರ್ಟು ಅದನ್ನು ಎತ್ತಿಹಿಡಿಯಿತು. ಬೇಡಿಕೆ ಎರಡು ಸಲವೂ ಒಂದೇ. ಎರಡನೆಯ ಸಲ ಲೆಕ್ಕ ಇತ್ತು. ಲೆಕ್ಕ ಕೇಳುವುದೇ ಅನ್ಯಾಯ ಎಂದು ನಾವು ಹೋರಾಡಬಹುದು, ಹೋರಾಡೋಣ. ಆದರೆ ಲೆಕ್ಕ ಕೈಯಲ್ಲಿ ಇಟ್ಟುಕೊಂಡು ಹೋರಾಡೋಣ.

ಇನ್ನೊಂದು ಎಚ್ಚರ. ಪರೀಕ್ಷೆಯಲ್ಲಿ ಆಧಾರವನ್ನು ಪ್ರಶ್ನಿಸಬಾರದು ಎಂಬ ನಿಯಮವನ್ನು ಪರೀಕ್ಷಾ ಕೋಣೆಯಲ್ಲೇ ಬಿಟ್ಟು ಬನ್ನಿ. ಹೊರಗೆ ಆಧಾರವನ್ನೂ ಕೆದಕಬೇಕು. ‘ನಮ್ಮೂರಲ್ಲಿ ಅಸ್ಪೃಶ್ಯತೆ ಇಲ್ಲ, ಆದ್ದರಿಂದ ಕಾಯ್ದೆ ಬೇಡ’ ಅಂದರೆ ಕೊಂಡಿ ಹುಡುಕುತ್ತಾ ಕೂರಬೇಡಿ. ಮೊದಲು ಕೇಳಿ: ಕ್ಷೌರದ ಅಂಗಡಿಗೆ, ದೇವಸ್ಥಾನಕ್ಕೆ, ಹೋಟೆಲಿನ ಲೋಟಕ್ಕೆ ಹೋಗಿ ನೋಡಿ ಬಂದಿರಾ?

ಹಳ್ಳಿಯ ಮೇಷ್ಟರುಗಳೇ, ನಿಮ್ಮಿಂದ ನಾವು ಕೇಳುವುದು ವಾರಕ್ಕೆ ಒಂದು ಗಂಟೆ. ಪುಸ್ತಕ ಬೇಡ, ಫೀಸು ಬೇಡ. ಅವತ್ತಿನ ಕನ್ನಡ ಪೇಪರಿನ ಸಂಪಾದಕೀಯ ಸಾಕು. ಒಬ್ಬ ಮಂತ್ರಿಯ ಭಾಷಣ ಸಾಕು. ಸಾಬೂನಿನ ಜಾಹೀರಾತಾದರೂ ಆದೀತು. ಮಕ್ಕಳಿಗೆ ಓದಿ ಹೇಳಿ. ತೀರ್ಮಾನಕ್ಕೆ ಗೆರೆ ಎಳೆಸಿ. ಆಧಾರಕ್ಕೆ ಗುರುತು ಹಾಕಿಸಿ. ನಡುವೆ ಹೇಳದೆ ಬಿಟ್ಟದ್ದು ಏನು ಎಂದು ಕೇಳಿ. ಯಾವ ಸಂಗತಿ ನಿಜವಾಗಿದ್ದರೆ ಈ ಮಾತು ಬೀಳುತ್ತದೆ ಎಂದು ಒಬ್ಬೊಬ್ಬರಿಂದ ಹೇಳಿಸಿ. ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂರುವ ಹುಡುಗಿಯಿಂದ ಮೊದಲು ಹೇಳಿಸಿ. ವಿದ್ಯಾರ್ಥಿ ಗೆಳೆಯರೇ, ಹಾಸ್ಟೆಲಿನ ರೂಮುಗಳಲ್ಲಿ ರಾತ್ರಿ ಇದನ್ನೇ ಮಾಡಿ. ಹಿಂದಿನ ವರ್ಷಗಳ ಪ್ರಶ್ನೆಗಳನ್ನು ಕನ್ನಡಕ್ಕೆ ಮಾಡಿ ಕೈಬರಹದಲ್ಲಾದರೂ ಹಂಚಿ. ಕನ್ನಡದಲ್ಲಿ ಕ್ಲಾಟ್ ಕೊಡಿ ಎಂಬ ಬೇಡಿಕೆಯನ್ನು ಸಂಘಟನೆಯ ಪಟ್ಟಿಗೆ ಸೇರಿಸಿ.

ಅಕ್ಷರವನ್ನು ನಮ್ಮಿಂದ ಎರಡು ಸಾವಿರ ವರ್ಷ ದೂರ ಇಟ್ಟರು. ಈಗ ಪ್ರಶ್ನೆ ಕೇಳುವ ಬಗೆಯನ್ನು ದರ ಹಚ್ಚಿ ದೂರ ಇಡಲು ನೋಡುತ್ತಿದ್ದಾರೆ. ಅದಕ್ಕೆ ನಾವು ಬಿಡಬಾರದು. ಸೀಟು ಸಿಗಲಿ, ಸಿಗದಿರಲಿ, ಪಂಚಾಯಿತಿ ಕಟ್ಟೆಯಲ್ಲೋ ಪೊಲೀಸ್ ಠಾಣೆಯಲ್ಲೋ ಕಾಲೇಜಿನ ಸಂದರ್ಶನದಲ್ಲೋ ಒಬ್ಬ ‘ಆದ್ದರಿಂದ’ ಎಂದು ಬಾಯಿ ತೆರೆದಾಗ ನಮ್ಮ ಮಗಳು ಎದ್ದು ನಿಂತು, ‘ಸ್ವಲ್ಪ ತಡೆಯಿರಿ, ಅದು ಹೇಗೆ?’ ಎಂದು ಕೇಳಬೇಕು. ಉತ್ತರ ಕೊಡುವವರೆಗೆ ಅವಳು ಕೂರಬಾರದು.